ಬಾಜೂಮನಿಯವರ ಪರವಾಗಿ ಕೇಳುವ ಕಾನೂನು ಪ್ರಶ್ನೆಗಳ ಕುರಿತು

ಉಚಿತ ಕಾನೂನು ವಿಚಾರಣಾ ಕಟ್ಟೆ, ಲಕ್ಷ್ಮೇಶ್ವರ
(ವ್ಯಾಪ್ತಿ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಹಾಗೂ ಇವುಗಳ ನಡುವೆ ಬಸ್ಸು ನಿಲ್ಲುವ ಎಲ್ಲ ಊರುಗಳು)

ಸಂಖ್ಯೆ: ಕಾ.ವಿ.ಕ./ಬಾ.ಮ./ಸು–೨
ದಿನಾಂಕ: ದಿವಂಗತ ರಹಮಾನಸಾಬರ ನಲವತ್ತರ ಫಾತಿಹಾದ ಮರುದಿನ, ಸೋಮವಾರ

ಸುತ್ತೋಲೆ

ವಿಷಯ: ಸೋಡಚೀಟಿ (ವಿವಾಹ ವಿಚ್ಛೇದನ), ಅಪಘಾತದ ಪೆಟ್ಟು ಮತ್ತು ಪರದೇಶದ ವೀಸಾ, ಈ ಮೂರು ಬಾಬತ್ತುಗಳಲ್ಲಿ ಸಾರ್ವಜನಿಕರು ತಮ್ಮ ಬಾಜೂಮನಿಯವರ (ಪಕ್ಕದ ಮನೆಯವರ) ಪರವಾಗಿ ಕೇಳುವ ಪ್ರಶ್ನೆಗಳನ್ನು ಸ್ವೀಕರಿಸುವ ಕ್ರಮದ ಬಗ್ಗೆ.

ಉಲ್ಲೇಖ: (೧) ಈ ಕಚೇರಿಯ ಸುತ್ತೋಲೆ ಸು–೧, "ಸಂಬಂಧಪಟ್ಟವರು ಖುದ್ದಾಗಿ ಹಾಜರಿರತಕ್ಕದ್ದು" (ರದ್ದಾಗಿದೆ).
(೨) ಶ್ರೀಮತಿ ನೀಲಗಂಗವ್ವನವರು ಮುಂಡರಗಿ ಬಸ್ಸಿನ ಕಿಟಕಿಯಿಂದ ನೀಡಿದ ಮೌಖಿಕ ಉತ್ತರ.

ಪೀಠಿಕೆ

ಖಬರ ಬಂದದ್ದು ಬುಧವಾರ ಬೆಳಿಗ್ಗೆ. ಕೋರ್ಟಿನ ಶಿರಸ್ತೇದಾರಿಕೆಯಿಂದ ನಿವೃತ್ತರಾಗಿ ಈಗ ಈ ಕಟ್ಟೆಯ ಗೌರವ ಅಧೀಕ್ಷಕರಾಗಿರುವ ಶ್ರೀ ನಿಜಲಿಂಗಪ್ಪನವರು ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಗುಮಾಸ್ತ ಮುಸ್ತಾಕರು ಬಾಗಿಲಲ್ಲಿ ನಿಂತು, "ಸಾಹೇಬ್ರ, ರಹಮಾನಚಾಚಾ ಹೋದ್ರು" ಎಂದರು. "ಯಾವ ಊರಿಗೆ?" ಎಂದು ಅಧೀಕ್ಷಕರು ಕೇಳಿದರು. ಹಾಗೆ ಕೇಳಿದ್ದರಲ್ಲಿ ಲೋಪವೇನೂ ಕಂಡುಬರುವುದಿಲ್ಲ. ರಹಮಾನಸಾಬರು ಸದಾ ಯಾವುದಾದರೊಂದು ಊರಿಗೆ ಹೋಗುತ್ತಲೇ ಇದ್ದರು. ಇಂದು ಯಳವತ್ತಿಯಿಂದ ಯಾರದೋ ಸೊಸೆಯನ್ನು ಕರೆತರಲು, ನಾಳೆ ಸಿಂಗಟಾಲೂರಿನಲ್ಲಿ ಯಾರದೋ ಅಳಿಯನನ್ನು ಸಮಾಧಾನ ಮಾಡಲು. ಮುಸ್ತಾಕರು ತಲೆ ತಗ್ಗಿಸಿದಾಗ ಅಧೀಕ್ಷಕರಿಗೆ ತಿಳಿಯಿತು. ಬೆಳಗಿನ ನಮಾಜು ಮುಗಿಸಿ ಬಂದು, ಚಹಾ ಆರಲೆಂದು ಕಪ್ಪಿನಿಂದ ಬಸಿಗೆ ಸುರಿದಿಟ್ಟು, ಗೋಡೆಗೆ ಒರಗಿದವರು ಮತ್ತೆ ಕಣ್ಣು ತೆರೆಯಲಿಲ್ಲವಂತೆ.

ರಹಮಾನಸಾಬರು ಕೋರ್ಟಿನ ನೋಟೀಸು ಮುಟ್ಟಿಸುತ್ತಿದ್ದ ನಿವೃತ್ತ ಬೇಲೀಫರು. ಈ ಕಟ್ಟೆಯ ವಿಚಾರಣಾ ಮೇಜು ಅವರದಾಗಿತ್ತು. ಅವರಿಗೆ ಕಾನೂನು ಅಷ್ಟಕ್ಕಷ್ಟೇ ತಿಳಿದಿತ್ತು ಎಂಬುದನ್ನು ಮೃತರ ಗೌರವಕ್ಕೆ ಕುಂದು ಬಾರದಂತೆ ಇಲ್ಲಿ ನಮೂದಿಸಲಾಗಿದೆ. ವಕೀಲರ ಹತ್ತಿರ ಕಳಿಸಬೇಕಾದವರನ್ನು ವಕೀಲರ ಹತ್ತಿರ, ಠಾಣೆಗೆ ಕಳಿಸಬೇಕಾದವರನ್ನು ಠಾಣೆಗೆ, ಮನೆಗೆ ಕಳಿಸಬೇಕಾದವರನ್ನು ಮನೆಗೆ ಕಳಿಸುತ್ತಿದ್ದರು, ಅಷ್ಟೇ.

ಆದರೆ ಈ ಭಾಗದಲ್ಲಿ ಒಂದು ರೂಢಿ ಇದೆ. ಇಲ್ಲಿ ಯಾರೂ ತಮ್ಮ ಸಲುವಾಗಿ ಕಾನೂನು ಕೇಳುವುದಿಲ್ಲ. ಸೋಡಚೀಟಿಯ ಯೋಚನೆ ಬಂದವರು ಅದು ಬಾಜೂಮನಿಯವರಿಗೆ ಬಂದಿದೆ ಎನ್ನುತ್ತಾರೆ. ಕಾಲು ಮುರಿದುಕೊಂಡವರು ಬಾಜೂಮನಿಯವರ ಕಾಲಿಗೆ ಪರಿಹಾರ ಸಿಗುವುದೇ ಎಂದು ವಿಚಾರಿಸುತ್ತಾರೆ. ರಹಮಾನಸಾಬರು ‘ಅವರು ಯಾರು’ ಎಂದು ಒಮ್ಮೆಯೂ ಕೇಳಿದವರಲ್ಲ. "ನಿಮ್ಮ ಬಾಜೂಮನಿಯವರಿಗೆ ನನ್ನ ಸಲಾಮ ಹೇಳ್ರಿ. ಸಿಟ್ಟಿನ್ಯಾಗ ಯಾವ ಕಾಗದಕ್ಕೂ ಸಹಿ ಮಾಡಬ್ಯಾಡ್ರಿ ಅಂತ ಹೇಳ್ರಿ" ಎನ್ನುತ್ತಿದ್ದರು. ಕೇಳಿದವರು "ಹೇಳ್ತೇನ್ರಿ" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಅಂದು ಮಣ್ಣು ಮುಗಿದ ಮೇಲೆ ಜನ ಗುಂಪಾಗಿ ಕಟ್ಟೆಗೆ ಬಂದು ನಿಂತರು. ಕೊನೆಗೆ ಒಬ್ಬರು, "ನಮ್ಮ ಬಾಜೂಮನಿಯವರು ಭಾಳ ಅತ್ತರ್ರಿ ಸಾಹೇಬ್ರ" ಎಂದರು. ಇನ್ನೊಬ್ಬರು, ತಮ್ಮ ಬಾಜೂಮನಿಯಲ್ಲಿ ಒಲೆಯನ್ನೇ ಹಚ್ಚಿಲ್ಲವೆಂದರು. ಅಧೀಕ್ಷಕರು, ತಮ್ಮ ಬಾಜೂಮನಿಯವರೂ ಅದೇ ಸ್ಥಿತಿಯಲ್ಲಿದ್ದಾರೆಂದು ಸಭೆಗೆ ತಿಳಿಸಿದರು.

ಪ್ರಕರಣದ ಸಂಗತಿಗಳು

ತೆರವಾದ ಮೇಜಿಗೆ ಶ್ರೀ ಮುಸ್ತಾಕರು ಕೂತರು. ಇವರು ಬೆಟಗೇರಿಯವರು, ಪ್ರಾಮಾಣಿಕರು, ದುಂಡಗಿನ ಅಕ್ಷರದವರು. ಹಿಂದೆ ಬಹುಕಾಲ ಖರೀದಿ ಪತ್ರ ಬರೆಯುವವರ ಕೈಕೆಳಗೆ ಕೆಲಸ ಮಾಡಿದವರು. ಮನೆಯ ಹೆಸರು ಕೇಳಿದ ಕೂಡಲೇ ಅದರ ಚಕ್ಕುಬಂದಿ ಬರೆದುಕೊಳ್ಳುವುದು, ಅಂದರೆ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನಾಲ್ಕೂ ದಿಕ್ಕಿನ ಹದ್ದು ಗುರುತಿಸುವುದು, ಅವರಿಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿತ್ತು. ಸುತ್ತೋಲೆ ಸು–೧ ಅನ್ನು ಬರೆದವರು ಅವರೇ. ಸಹಿ ಅಧೀಕ್ಷಕರದು. ಆ ದಿನಗಳಲ್ಲಿ ಅಧೀಕ್ಷಕರು ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಮಾಡುತ್ತಿದ್ದರು. ಚಷ್ಮಾ ಸರಿಯಾಗಿಯೇ ಇತ್ತು.

ಮೊದಲು ಬಂದವರು ಶ್ರೀಮತಿ ಗುಲ್ನಾಜ. ಇವರ ಪತಿ ಇಜಾಜ ಮಸ್ಕತ್ತಿನಲ್ಲಿ ಫ್ರಿಜ್ ರಿಪೇರಿ ಮಾಡುತ್ತಾರೆ. "ನಮ್ಮ ಬಾಜೂಮನ್ಯಾಗ ಒಬ್ಬಾಕಿ ಅದಾಳ್ರಿ. ಆಕಿ ಗಂಡ ಪರದೇಶದಾಗ ಅದಾನ. ಆಕಿಗೂ ಅಲ್ಲಿಗೆ ಹೋಗಾಕ ವೀಸಾ ಸಿಗತೈತೇನು ಅಂತ ಕೇಳಾಕತ್ತಿದ್ಲು" ಎಂದರು. ಮುಸ್ತಾಕರು ಪೆನ್ನು ತೆಗೆದು, "ಬಾಜೂಮನಿ ಅಂದ್ರ ಪೂರ್ವಕ್ಕೋ ಪಶ್ಚಿಮಕ್ಕೋ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಜನ್ಮದಲ್ಲಿ ನಿರೀಕ್ಷಿಸದ ಗುಲ್ನಾಜ ಗಾಬರಿಯಾಗಿ, "ಪೂರ್ವಕ್ಕ" ಎಂದುಬಿಟ್ಟರು.

ಪೂರ್ವಕ್ಕಿರುವುದು ಶ್ರೀ ಲಕ್ಕಪ್ಪನವರ ಮನೆ. ಮಸ್ಕತ್ತಿನಲ್ಲಿರುವ ಪತಿಯನ್ನು ಸೇರಲಿಚ್ಛಿಸುವ ಲಕ್ಕಪ್ಪನವರು ಖುದ್ದಾಗಿ ಹಾಜರಾಗಬೇಕೆಂದು ನೋಟೀಸು ಹೋಯಿತು. ಹುಬ್ಬಳ್ಳಿಯಿಂದಾಚೆ ಕಾಲಿಡದ, ಗಂಟಲಿಗಿಂತ ಮೀಸೆಯೇ ದೊಡ್ಡದಾದ ಲಕ್ಕಪ್ಪನವರು ನೋಟೀಸು ಹಿಡಿದು ಬಂದರು. ಆದರೆ ತಮಗೆ ಗಂಡನಿಲ್ಲ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿದರೆ ಓಣಿಯ ಹೆಣ್ಣುಮಗಳ ಮಾತು ಸುಳ್ಳಾದಂತಾಗುತ್ತದೆ. "ಆಕಿ ಹೇಳ್ಯಾಳಂದ್ರ ಖರೇನ ಇರಬೇಕ್ರಿ. ಆದ್ರ ನಾನಲ್ಲ, ನನ್ನ ಆಚಿಕಡಿ ಮನಿ ಇರಬೇಕು" ಎಂದರು. ಎದ್ದು ಹೊರಡುವಾಗ, ಬಟ್ಟೆ ಸುತ್ತಿ ಮೊಣಕಾಲವರೆಗೆ ಪಟ್ಟಿ ಕಟ್ಟಿದ ಬಲಗಾಲನ್ನು ಎರಡೂ ಕೈಯಿಂದ ಎತ್ತಿಡುತ್ತ, "ಅಂದಂಗ ಸಾಹೇಬ್ರ, ಶಿರಹಟ್ಟಿ ರಸ್ತೇದಾಗ ನಮ್ಮ ಬಾಜೂಮನಿಯವರ ಕಾಲಿಗೆ ಎಮ್ಮಿ ಹಾಯ್ದೈತಿ, ಪರಿಹಾರ ಬರತೈತೇನ್ರಿ?" ಎಂದು ಕೇಳಿದರು. ಮುಸ್ತಾಕರು ಪಟ್ಟಿಯ ಕಡೆ ನೋಡಲಿಲ್ಲ. "ಪೂರ್ವಕ್ಕೋ ಪಶ್ಚಿಮಕ್ಕೋ?" ಎಂದರು.

ಲಕ್ಕಪ್ಪನವರ ಪೂರ್ವಕ್ಕೆ ಶ್ರೀ ವೀರು ಮತ್ತು ಶ್ರೀಮತಿ ಕಾಂಚನಾ ಎಂಬ ಎಳೆಯ ದಂಪತಿಗಳಿದ್ದಾರೆ. ಎಮ್ಮೆ ಹಾಯ್ದ ವೀರು ಅವರಿಗೆ ನೋಟೀಸು ಹೋಯಿತು. ಅವರು ಮೋಟಾರ್‌ಸೈಕಲ್ಲಿನ ಸ್ಟ್ಯಾಂಡ್ ಒದ್ದು ನಿಲ್ಲಿಸಿ, ಮೂರು ಮೆಟ್ಟಿಲು ಹಾರಿ ಒಳಗೆ ಬಂದು, ಕಾಲು ತಮ್ಮದಲ್ಲ, ಆದರೆ ಲಕ್ಕಪ್ಪಕಾಕಾ ಹಿರೇರು, ಸುಳ್ಳು ಹೇಳುವವರೂ ಅಲ್ಲ, ಎಂದು ಹೇಳಿಕೆ ಕೊಟ್ಟರು. ಆಮೇಲೆ ದನಿ ತಗ್ಗಿಸಿ, "ನಮ್ಮ ಬಾಜೂಮನ್ಯಾಗ ಗಂಡಾ-ಹೆಂಡ್ತಿ ದಿನಾ ಜಗಳಾ ಮಾಡತಾರ್ರಿ. ಸೋಡಚೀಟಿ ಜಲ್ದಿ ಆಗಬೇಕಂದ್ರ ಏನ್ ಮಾಡಬೇಕ್ರಿ?" ಎಂದು ಕೇಳಿದರು. ಪೂರ್ವಕ್ಕೆ ಎಂದು ಬರೆದುಕೊಳ್ಳಲಾಯಿತು.

ವೀರು ಅವರ ಮನೆಯ ಪೂರ್ವಕ್ಕೆ ಓಣಿ ಮುಗಿಯುತ್ತದೆ. ಮೂಲೆಯಲ್ಲಿರುವುದು ಅಧೀಕ್ಷಕ ನಿಜಲಿಂಗಪ್ಪನವರ ಮನೆ.

ಮುಸ್ತಾಕರು ನೋಟೀಸು ಸಿದ್ಧಪಡಿಸಿದರು. ಅಧೀಕ್ಷಕರು ಓದದೆ ಸಹಿ ಮಾಡಿದರು. ಮುಸ್ತಾಕರು ಅದನ್ನು ಅಧೀಕ್ಷಕರ ಮನೆಗೇ ಒಯ್ದು, ಬಾಗಿಲಿಗೆ ಬಂದ ಅವರ ಧರ್ಮಪತ್ನಿ ಶ್ರೀಮತಿ ನೀಲಗಂಗವ್ವನವರಿಗೆ, "ಅವ್ವಾರ, ಸಾಹೇಬ್ರ ಹೆಸರಿಗೆ ಒಂದು ನೋಟೀಸ ಐತ್ರಿ" ಎಂದರು.

"ಯಾರು ಕಳಿಸ್ಯಾರು?"

"ಸಾಹೇಬ್ರ ಕಳಿಸ್ಯಾರ್ರಿ."

"ಯಾರಿಗೆ?"

"ಸಾಹೇಬ್ರಿಗೇ ರಿ."

ನೀಲಗಂಗವ್ವನವರು ಏಳನೆಯ ಇಯತ್ತೆ ಓದಿದವರು. ‘ತಾವು ತಮ್ಮ ಪತ್ನಿಯಿಂದ ಜಲ್ದಿ ಸೋಡಚೀಟಿ ಬಯಸಿರುವುದರಿಂದ’ ಎಂಬ ಮೊದಲ ಸಾಲನ್ನೂ ಕೊನೆಯಲ್ಲಿದ್ದ ಗಂಡನ ಸಹಿಯನ್ನೂ ನೋಡಿದರು. ನಡುವಿನದನ್ನು ಓದುವ ಅಗತ್ಯ ಅವರಿಗೆ ಕಾಣಲಿಲ್ಲ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದರು. ಸುದ್ದಿ ತಿಳಿದ ಅಧೀಕ್ಷಕರು ಒಂದು ಚಪ್ಪಲಿಯಲ್ಲಿ ಓಡಿ ಬರುವಷ್ಟರಲ್ಲಿ ಮುಂಡರಗಿ ಬಸ್ಸು ಹೊರಟಿತ್ತು. ಉಲ್ಲೇಖ (೨)ರ ಉತ್ತರವು ಆಗ ಕಿಟಕಿಯಿಂದ ದೊರೆಯಿತು: "ಸೋಡಚೀಟಿ ಬೇಕಾಗಿತ್ತಂದ್ರ ಮುಂಜಾನೆ ನಾಷ್ಟಾಕ್ಕಿಂತ ಮೊದ್ಲ ಹೇಳಬೇಕಿತ್ತು. ಉಪ್ಪಿಟ್ಟಿಗೆ ಗೋಡಂಬಿ ಹಾಕ್ತಿದ್ದಿಲ್ಲ!" ಬಸ್ಸಿನಲ್ಲಿದ್ದವರೆಲ್ಲ ಅಧೀಕ್ಷಕರನ್ನು ನೋಡಿದರು. ನೀಲಗಂಗವ್ವನವರ ತವರುಮನೆ ಮುಂಡರಗಿಯಾಚೆಯ ಕೊರ್ಲಹಳ್ಳಿ.

ಮೇಲ್ಕಂಡ ಎಲ್ಲ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ‘ಬಾಜೂಮನಿ’ ಎಂದರೆ ಪ್ರಶ್ನೆ ಕೇಳುವವರ ಮನೆಯ ಯಾವ ದಿಕ್ಕಿಗೂ ಇರುವ ಮನೆಯಲ್ಲ. ಅದು ಅವರು ತೊಟ್ಟ ಅಂಗಿಯ ಅಥವಾ ಉಟ್ಟ ಸೀರೆಯ ಒಳಗಿರುವ ಮನೆ ಎಂದು ಈ ಮೂಲಕ ವ್ಯಾಖ್ಯಾನಿಸಲಾಗಿದೆ. ಈ ವ್ಯಾಖ್ಯಾನವು ಸಿಬ್ಬಂದಿಗೆ ತಿಳಿದಿರತಕ್ಕದ್ದು. ತಿಳಿದಿದೆ ಎಂದು ತೋರಿಸಿಕೊಳ್ಳತಕ್ಕದ್ದಲ್ಲ.

೨. ಪೂರ್ವಕ್ಕೋ ಪಶ್ಚಿಮಕ್ಕೋ ಎಂಬ ಪ್ರಶ್ನೆಯನ್ನು ನಿಷೇಧಿಸಲಾಗಿದೆ. ಸೂರ್ಯನು ಯಾವ ಕಡೆ ಹುಟ್ಟುತ್ತಾನೆಂಬುದನ್ನು ಕಚೇರಿಯ ವೇಳೆಯಲ್ಲಿ ಸಿಬ್ಬಂದಿ ಮರೆತಿರತಕ್ಕದ್ದು. ಸಂಜೆ ಮನೆಗೆ ಹೋಗುವಾಗ ನೆನಪಿಸಿಕೊಳ್ಳಲು ಅಡ್ಡಿಯಿಲ್ಲ.

೩. ಪೆಟ್ಟಿನ ಬಾಬತ್ತು. ಪಟ್ಟಿ ಕಟ್ಟಿದ ಕಾಲಿನೊಂದಿಗೆ ಬಂದವರು ಕಾಲು ಬಾಜೂಮನಿಯವರದೆಂದು ಹೇಳಿದಲ್ಲಿ, ಹಾಗೆಯೇ ನಂಬತಕ್ಕದ್ದು. ಬಾಜೂಮನಿಯವರ ಕಾಲು ಇಟ್ಟುಕೊಳ್ಳಲು ಒಂದು ಸ್ಟೂಲನ್ನು ಅರ್ಜಿದಾರರ ಮುಂದೆ ಇಡತಕ್ಕದ್ದು. ಕೂರುವಾಗ ಅರ್ಜಿದಾರರು "ಅಯ್ಯೋ ಯವ್ವಾ" ಎಂದಲ್ಲಿ ಅದನ್ನು ಬಾಜೂಮನಿಯವರ ಪರವಾಗಿ ಎಂದದ್ದೆಂದು ಭಾವಿಸತಕ್ಕದ್ದು.

ಶ್ರೀ ಲಕ್ಕಪ್ಪನವರ ಬಾಜೂಮನಿಯವರಿಗೆ ತಿಳಿಯಪಡಿಸುವುದೇನೆಂದರೆ, ಎಮ್ಮೆಯು ಗುದ್ದಿ ನಿಲ್ಲದೆ ಓಡಿಹೋಗಿದ್ದರೂ ಮೋಟಾರು ವಾಹನವಲ್ಲ. ಆದ್ದರಿಂದ ಮೋಟಾರು ಅಪಘಾತದ ನ್ಯಾಯಮಂಡಳಿಗೆ ಹೋಗಲಾಗದು. ದವಾಖಾನೆಯ ಚೀಟಿ ಜೋಪಾನ ಮಾಡಿಕೊಂಡು, ಎಮ್ಮೆಯ ಮಾಲೀಕರು ಯಾರೆಂದು ಪತ್ತೆ ಹಚ್ಚಿಕೊಂಡು, ವಕೀಲರನ್ನು ಕಾಣುವುದು. ಎಮ್ಮೆಯನ್ನು ಗುರುತಿಸಲು ಹತ್ತಿರ ಹೋಗುವುದನ್ನು ಶಿಫಾರಸು ಮಾಡಲಾಗುವುದಿಲ್ಲ.

೪. ಪರದೇಶದ ಬಾಬತ್ತು. ಬಾಜೂಮನಿಯಾಕೆಯ ಸಲುವಾಗಿ ವೀಸಾ ಕೇಳುವಾಗ ಅರ್ಜಿದಾರರ ಕಣ್ಣಲ್ಲಿ ನೀರು ಬಂದಲ್ಲಿ, ಒಂದು ಲೋಟ ನೀರನ್ನು ಬಾಜೂಮನಿಯಾಕೆಗೆಂದು ಹೇಳಿ ಅರ್ಜಿದಾರರ ಕೈಗೆ ಕೊಡತಕ್ಕದ್ದು. ಅವರು ಅಲ್ಲಿಯೇ ಕುಡಿದಲ್ಲಿ ಆಕ್ಷೇಪಿಸತಕ್ಕದ್ದಲ್ಲ. ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಬೇಕಾದವರು ಅಲ್ಲಿ ದುಡಿಯುವ ಗಂಡ. ಇಲ್ಲಿಂದ ಮದುವೆಯ ದಾಖಲೆಯನ್ನು ದೃಢೀಕರಿಸಿ ಕಳಿಸಬೇಕು ಎಂಬುದನ್ನು ನಿಧಾನವಾಗಿ, ಎರಡು ಸಲ ಹೇಳತಕ್ಕದ್ದು. ಗಂಡ ಫೋನಿನಲ್ಲಿ "ನೋಡೋಣು" ಎಂದಷ್ಟೇ ಹೇಳುತ್ತಿದ್ದಲ್ಲಿ, ಅದಕ್ಕೆ ಯಾವ ದೇಶದ ಕಾನೂನಿನಲ್ಲಿಯೂ ಪರಿಹಾರ ಇರುವುದಿಲ್ಲ. ಅಂಥವರಿಗೆ ಇನ್ನೊಂದು ಲೋಟ ನೀರು.

೫. ಸೋಡಚೀಟಿಯ ಬಾಬತ್ತು. ಬಾಜೂಮನಿಯ ಗಂಡನ ಪರವಾಗಿ ಕೇಳಲು ಗಂಡನೂ, ಬಾಜೂಮನಿಯ ಹೆಂಡತಿಯ ಪರವಾಗಿ ಕೇಳಲು ಹೆಂಡತಿಯೂ ಒಂದೇ ಹೊತ್ತಿಗೆ ಬಂದಲ್ಲಿ, ಪರಸ್ಪರ ಅಪರಿಚಿತರೆಂದು ಪರಿಗಣಿಸಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸತಕ್ಕದ್ದು. ನಡುವೆ ಜಾಗ ಉಳಿಯದಂತೆ ಬೆಂಚಿನ ಒಂದು ತುದಿಯನ್ನು ಕೊಯ್ಯಿಸಲಾಗಿದೆ. ಇಬ್ಬರ ಒಪ್ಪಿಗೆ ಇದ್ದರೂ, ಒಂದು ವರ್ಷ ಬೇರೆ ಬೇರೆ ವಾಸವಿದ್ದ ಮೇಲೆ ಅರ್ಜಿ, ಅರ್ಜಿಯ ಮೇಲೆ ಮತ್ತೆ ಕಾಯುವುದು ಇದ್ದೇ ಇದೆ. ‘ಜಲ್ದಿ’ ಎಂಬ ಬಾಬತ್ತು ಸಾಮಾನ್ಯವಾಗಿ ಇರುವುದಿಲ್ಲ ಎಂದು ತಿಳಿಸತಕ್ಕದ್ದು. ವೀರು-ಕಾಂಚನಾ ದಂಪತಿಗಳು ಕಳೆದ ಮಂಗಳವಾರ ಸದರಿ ಬೆಂಚಿನಲ್ಲಿ ಕೂತು, ತಮ್ಮ ಬಾಜೂಮನಿಯವರ ಬಗ್ಗೆ ಒಬ್ಬರಿಗೊಬ್ಬರು ಜೋರಾಗಿ ದೂರಿದರು. "ಆಕಿ ತವರಿನ ಫೋನು ಬಂದ್ರ ಎರಡು ತಾಸು ಮಾತಾಡತಾಳ್ರಿ." "ಅವಾ ಉಂಡ ತಟ್ಟಿ ಎತ್ತೂದಿಲ್ಲರಿ." "ತಟ್ಟಿ ಎತ್ತಾಕ ಹೋದ್ರ ಸುಮ್ನ ಇರಂತಾಳಲ್ಲರಿ ಆಕಿ!" ಪ್ರಕರಣ ಬಾಕಿ ಇದೆ. ತಟ್ಟೆಯ ಸಂಗತಿ ಇತ್ಯರ್ಥವಾಗಿದೆಯೆಂದು ವರದಿ ಬಂದಿದೆ.

೬. ಹೊಲದಲ್ಲಿ ಒಂಟಿ ಮನೆ ಕಟ್ಟಿಕೊಂಡಿದ್ದು ಸುತ್ತಮುತ್ತ ಯಾವ ಮನೆಯೂ ಇಲ್ಲದವರಿಗೆ ಪ್ರಶ್ನೆ ಕೇಳಲು ತೊಂದರೆಯಾಗುತ್ತಿರುವುದು ಗಮನಕ್ಕೆ ಬಂದಿದೆ. ಅಂಥವರಿಗೆ ಕಟ್ಟೆಯ ವತಿಯಿಂದ ಒಬ್ಬ ಬಾಜೂಮನಿಯವರನ್ನು ತಾತ್ಕಾಲಿಕವಾಗಿ ಒದಗಿಸಲಾಗುವುದು. ಈ ಹೆಚ್ಚುವರಿ ಹೊಣೆಯನ್ನು ಶ್ರೀ ಮುಸ್ತಾಕರಿಗೆ ವಹಿಸಲಾಗಿದೆ. ಒಂದೇ ದಿನದಲ್ಲಿ ಅವರಿಗೆ ಎಷ್ಟೇ ಸೋಡಚೀಟಿ, ಎಷ್ಟೇ ಮುರಿದ ಕಾಲು ಬಂದರೂ ಅವರು ಬೇಸರಿಸತಕ್ಕದ್ದಲ್ಲ.

೭. ಖರೇಖರೆ ಬಾಜೂಮನಿ ಇದ್ದು, ಖರೇಖರೆ ಅವರ ಸಲುವಾಗಿಯೇ ಕೇಳಲು ಬಂದವರು ಊರ ಉಸಾಬರಿಯ ವರ್ಗಕ್ಕೆ ಸೇರಿದವರು. ಅವರಿಗೆ ಯಾವ ಸಲಹೆಯನ್ನೂ ಕೊಡತಕ್ಕದ್ದಲ್ಲ.

೮. ಸಂಧಾನದ ಬಾಬತ್ತು. ಸಿಟ್ಟಾಗಿ ತವರಿಗೆ ಹೋದ ಹೆಂಡತಿಯನ್ನು ಕರೆಯಲು ಗಂಡ ತಾನೇ ಹೋಗುವುದು ಈ ಭಾಗದ ಪದ್ಧತಿಯಲ್ಲ, ಮೂರನೆಯವರೊಬ್ಬರು ಹೋಗಬೇಕು. ಆ ಮೂರನೆಯವರು ಬಹುಕಾಲದಿಂದ ರಹಮಾನಸಾಬರೇ ಆಗಿದ್ದರು. ಹೋಗಿ, ಉಳ್ಳಾಗಡ್ಡಿಯ ಬೆಳೆಯ ಬಗ್ಗೆ ಮಾತಾಡಿ, ಕೊಟ್ಟದ್ದನ್ನು ಉಂಡು, ವಿಷಯಕ್ಕೇ ಬಾರದೆ ಸಂಜೆಯ ತನಕ ಕೂತಿರುತ್ತಿದ್ದರು. ಕೊನೆಗೆ ತವರಿನವರೇ ತಡೆಯಲಾರದೆ, "ಆಕಿನ್ನ ಕರಕೊಂಡು ಹೋಗ್ರಿ ಮತ್ತ" ಎನ್ನುತ್ತಿದ್ದರು.

ಈಗ ಅಧೀಕ್ಷಕರ ಮನೆಗೇ ಆ ಪ್ರಸಂಗ ಬಂತು, ಹೋಗುವವರು ಇರಲಿಲ್ಲ. ಲಕ್ಕಪ್ಪನವರನ್ನು ಕೇಳಲಾಯಿತು, ಬಾಜೂಮನಿಯವರ ಕಾಲು ಒಪ್ಪಲಿಲ್ಲ. ಮುಸ್ತಾಕರು "ನಾ ಹೋಗಿ ಬರ್ಲೇನ್ರಿ?" ಎಂದರು. ಕೊರ್ಲಹಳ್ಳಿಯ ಚಕ್ಕುಬಂದಿಯನ್ನೂ ತರುವ ಸಂಭವವಿದ್ದುದರಿಂದ ನಿರಾಕರಿಸಲಾಯಿತು. ಒಂದು ದಿನ ಅಧೀಕ್ಷಕರು ತಾವೇ ಮುಂಡರಗಿಯವರೆಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಕೊರ್ಲಹಳ್ಳಿಯ ಬಸ್ಸು ಬಂದು ಹೋಗುವುದನ್ನು ನೋಡಿ, ಹಿಂದಿರುಗಿದರು. ಪ್ರವಾಸದ ಉದ್ದೇಶ: ಚಹಾ. ದಿನವೂ ಪೂಜೆಗೆ ಕೂತಾಗ ಅಂಗೈಯ ಲಿಂಗದ ಮುಂದೆ, ದೋಸ್ತನನ್ನು ಕರೆದುಕೊಂಡದ್ದು ಸಾಲದೇ ಎಂದು ಬಾಜೂಮನಿಯವರ ಪರವಾಗಿ ವಿಚಾರಿಸಿದರು.

ನಿನ್ನೆ ರಹಮಾನಸಾಬರ ಮನೆಯಲ್ಲಿ ನಲವತ್ತರ ಫಾತಿಹಾ, ಅಂದರೆ ನಲವತ್ತನೆಯ ದಿನದ ಪ್ರಾರ್ಥನೆ ಮತ್ತು ಊಟ. ಗಂಡಸರಿಗೆ ಅಂಗಳದಲ್ಲಿ, ಹೆಂಗಸರಿಗೆ ಒಳಗೆ. ಅಧೀಕ್ಷಕರಂಥವರಿಗೆಂದು ರೊಟ್ಟಿ, ಬದನೆಕಾಯಿ ಪಲ್ಯವನ್ನು ಬೇರೆ ಒಲೆಯಲ್ಲಿ ಮಾಡಿಸಿದ್ದರು. ರಹಮಾನಸಾಬರ ಪತ್ನಿ ಗುಲಾಬಬಿಯವರು ಇದ್ದತ್ತಿನಲ್ಲಿದ್ದಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಅಷ್ಟು ಕಾಲ ಹೊರಗಿನ ಗಂಡಸರ ಮುಂದೆ ಬರುವುದಿಲ್ಲ. ಆದ್ದರಿಂದ ನಡುಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಮಾತಾಡಿಸಿ ಹೋಗಲೆಂದು ಅಧೀಕ್ಷಕರು ಪರದೆಯ ಈಚೆ ಕೂತರು. ಆಗ ಪರದೆಯ ಕೆಳಗೆ, ಒಳಗಿನ ಚಪ್ಪಲಿಗಳ ನಡುವೆ, ಬಾರು ಹೊಲಿಸಿದ ಒಂದು ಜೋಡಿ ಕಂಡಿತು. ಆ ಬಾರು ಹೊಲಿಸಿಕೊಂಡು ಬಂದವರು ಅಧೀಕ್ಷಕರೇ. ಕೊರ್ಲಹಳ್ಳಿಯಿಂದ ನೀಲಗಂಗವ್ವನವರು ಬೆಳಿಗ್ಗೆಯೇ ಬಂದು ಗುಲಾಬಬಿಯವರ ಮಗ್ಗುಲಲ್ಲಿ ಕೂತಿದ್ದರು.

ಅಧೀಕ್ಷಕರು ಪರದೆಯತ್ತ ಬಾಗಿದರು. "ಭಾಭಿ, ಒಂದು ಕಾನೂನು ಕೇಳೂದಿತ್ತು" ಎಂದರು.

"ಕೇಳ್ರಿ ಅಣ್ಣಾರ. ಯಾರ ಸಲುವಾಗಿ?"

"ನಮ್ಮ ಬಾಜೂಮನ್ಯಾಗ ಒಬ್ರು ಅದಾರು. ವಯಸ್ಸಾಗೇತಿ. ಅವರ ಮನಿಯವರು ತವರಿಗೆ ಹೋಗ್ಯಾರು."

"ಯಾಕ ಹೋದ್ರಂತ?"

"ಒಂದು ಕಾಗದ ಬಂದಿತ್ತಂತ. ಅದು ಅವರು ಬರದದ್ದಲ್ಲ."

ಪರದೆಯ ಒಳಗಿನಿಂದ ಬೇರೊಂದು ದನಿ ಬಂತು. "ಸಹಿ ಯಾರದಿತ್ತು ಕೇಳ್ರಿ, ಗುಲಾಬಬಿ."

"ಸಹಿ ಅವರದ. ಓದದ ಮಾಡ್ಯಾರು. ದೋಸ್ತ ತೀರಿದ ಮ್ಯಾಲೆ ಅವರಿಗೆ ಅಕ್ಷರ ನೆಟ್ಟಗ ಕಾಣವಲ್ಲವು."

ಒಳಗೆ ಬಳೆಗಳ ಸಪ್ಪಳವಾಯಿತು. ಆಮೇಲೆ ಅದೇ ದನಿ, "ಆ ಮುದುಕ ಊಟಕ್ಕ ಏನ್ ಮಾಡ್ಕೋತಾನಂತ?" ಎಂದಿತು.

"ಅವಲಕ್ಕಿ."

"ದಿನಾ?"

"ಒಂದಿನ ಅನ್ನಾ ಮಾಡಾಕ ಹೋಗಿದ್ರು. ಗಂಜಿ ಆತು. ಇನ್ನೊಂದಿನ ಗಂಜಿ ಮಾಡಾಕ ಹೋದ್ರು, ಬೋಗಾಣಿಗೆ ಹತ್ತಿ ಕರಕಾತು."

ಒಳಗಿದ್ದ ಹೆಂಗಸರೆಲ್ಲ ನಕ್ಕರು. ಗುಲಾಬಬಿಯವರೂ ನಕ್ಕದ್ದು ಈಚೆಗೆ ಕೇಳಿಸಿತು. "ಅಣ್ಣಾರ, ನಮ್ಮವರು ಇದ್ದಿದ್ರ ಈಗ ಉಳ್ಳಾಗಡ್ಡಿ ವಿಚಾರ ತಗೀತಿದ್ರು" ಎಂದರು.

"ಖರೆ ಭಾಭಿ. ನನಗ ಉಳ್ಳಾಗಡ್ಡಿ ಬಗ್ಗೆ ಏನೂ ಗೊತ್ತಿಲ್ಲ."

ನೀಲಗಂಗವ್ವನವರ ದನಿ ಈಗ ಪರದೆಗೆ ತೀರ ಹತ್ತಿರ ಬಂದಿತ್ತು. "ಬಾಜೂಮನಿಯವರದು ಕೇಳಿ ಆತಲ್ಲ? ಅವರ ಮನಿಯಾಕಿ ಅವರಿಗೆ ಉತ್ತರ ಕೊಡತಾಳು. ನಿಮ್ಮದೇನರೆ ಕೇಳೂದಿದ್ರ ನೀವು ಕೇಳ್ರಿ."

ಅಧೀಕ್ಷಕರು ಸುತ್ತ ನೋಡಿದರು. ಅಂಗಳದಲ್ಲಿ ಲಕ್ಕಪ್ಪ, ಮುಸ್ತಾಕ, ವೀರು, ಇಡೀ ಓಣಿ ರೊಟ್ಟಿ ಮುರಿಯುವುದನ್ನು ಬಿಟ್ಟು ಇತ್ತಲೇ ಕಿವಿಯಾಗಿತ್ತು. ಕೋರ್ಟಿನಲ್ಲಿ ಬದುಕೆಲ್ಲ ಇನ್ನೊಬ್ಬರ ಹೆಸರು ಕೂಗಿಸಿದವರಿಗೆ ತಮ್ಮ ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು.

"ನೀಲಗಂಗಾ," ಎಂದರು. ಹೆಂಡತಿಯ ಹೆಸರನ್ನು ಅವರು ನಾಲ್ಕು ಜನರ ಎದುರು ಕರೆದದ್ದು ಅದೇ ಮೊದಲು. "ನಾನ ಕರ್ಯಾಕ ಬಂದೇನಿ. ನನಗ ಮನಿ ಹಿಡಸವಲ್ಲದು. ರಹಮಾನನೂ ಇಲ್ಲ, ನೀನೂ ಇಲ್ಲ. ಮನಿಗೆ ನಡಿ."

ಒಳಗೆ ಯಾರೋ ಮೂಗು ಸೀಟಿಕೊಂಡರು. ಆಮೇಲೆ ಉತ್ತರ ಬಂತು.

"ಗುಲಾಬಬಿ ಕೂಡ ಭಾಂಡೆ ತಿಕ್ಕೂದೈತಿ. ಮುಗಿಸಿ ಬರ್ತೇನಿ. ಅಲ್ಲೇ ಕುಂಡ್ರಿ, ಎಲ್ಲಿಗೂ ಹೋಗಬ್ಯಾಡ್ರಿ."

ಅಧೀಕ್ಷಕರು ಅಲ್ಲೇ ಕೂತರು.

೯. ಮೇಲಿನ ಸಂಗತಿಯ ಬೆಳಕಿನಲ್ಲಿ ಮೂರನೆಯವರ ಹುದ್ದೆಯನ್ನು ರದ್ದುಪಡಿಸಲಾಗಿದೆ. ಅದಕ್ಕೆ ತಕ್ಕವರು ಈ ನಾಲ್ಕು ಊರುಗಳಲ್ಲಿ ಒಬ್ಬರೇ ಇದ್ದರು. ಸೋಡಚೀಟಿ, ಪೆಟ್ಟು, ವೀಸಾ ಈ ಮೂರನ್ನೂ ಬಾಜೂಮನಿಯವರ ಪರವಾಗಿ ಕೇಳುವ ಸಾರ್ವಜನಿಕರ ಹಕ್ಕನ್ನು ಎಂದಿನಂತೆ ಎತ್ತಿಹಿಡಿಯಲಾಗಿದೆ. ಆದರೆ ‘ಮನೆಗೆ ಬಾ’ ಎಂಬ ಒಂದು ಮಾತನ್ನು ಮಾತ್ರ ಸಂಬಂಧಪಟ್ಟವರು ಖುದ್ದಾಗಿಯೇ, ತಮ್ಮ ಬಾಯಿಂದಲೇ ಹೇಳತಕ್ಕದ್ದು. ಈ ಅಂಶಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ.

ಈ ಸುತ್ತೋಲೆಯನ್ನು ಸಹಿ ಮಾಡುವ ಮುನ್ನ ಪೂರ್ತಿಯಾಗಿ ಓದಲಾಗಿದೆ.

(ಸಹಿ)
ನಿಜಲಿಂಗಪ್ಪ
ಗೌರವ ಅಧೀಕ್ಷಕರು
ಉಚಿತ ಕಾನೂನು ವಿಚಾರಣಾ ಕಟ್ಟೆ, ಲಕ್ಷ್ಮೇಶ್ವರ

ಪ್ರತಿಗಳು:

೧. ಶ್ರೀ ಮುಸ್ತಾಕ, ಗುಮಾಸ್ತರು: ಬಾಯಿಪಾಠ ಮಾಡಿ ಒಪ್ಪಿಸಲು.
೨. ಶ್ರೀ ಲಕ್ಕಪ್ಪ: ತಮ್ಮ ಬಾಜೂಮನಿಯವರಿಗೆ ಮುಟ್ಟಿಸಲು.
೩. ಎಮ್ಮೆಯ ಮಾಲೀಕರು, ಶಿರಹಟ್ಟಿ ರಸ್ತೆ: ಸಿಕ್ಕಲ್ಲಿ.
೪. ಶ್ರೀ ಇಜಾಜ, ಮಸ್ಕತ್: ‘ನೋಡೋಣು’ ಎಂಬುದು ಉತ್ತರವಲ್ಲವೆಂಬ ತಿಳಿವಳಿಕೆಯೊಂದಿಗೆ, ಫ್ರಿಜ್ ರಿಪೇರಿಯ ಬಿಡುವಿನಲ್ಲಿ ಓದಿಕೊಳ್ಳಲು.
೫. ವೀರು ಮತ್ತು ಕಾಂಚನಾ: ಇಬ್ಬರಿಗೂ ಸೇರಿ ಒಂದೇ ಪ್ರತಿ.
೬. ಮುಂಡರಗಿ ಬಸ್ಸಿನ ಅಂದಿನ ಪ್ರಯಾಣಿಕರು: ತಪ್ಪು ತಿಳಿವಳಿಕೆ ನಿವಾರಿಸಲು.
೭. ಶ್ರೀಮತಿ ನೀಲಗಂಗವ್ವ, ಸ್ವಂತ ಮನೆ: ಮೊದಲ ಸಾಲಿನಿಂದ ಕೊನೆಯವರೆಗೆ, ನಡುವಿನದನ್ನೂ ಓದುವ ವಿನಂತಿಯೊಂದಿಗೆ.
೮. ಶ್ರೀಮತಿ ಗುಲಾಬಬಿ: ಪರದೆಯ ಕೆಳಗಿನಿಂದ ತಲುಪಿಸಲು.
೯. ಒಬ್ಬನೇ ಆಗಿದ್ದು ಎಲ್ಲ ಹೆಸರಿಗೂ ಓಗೊಡುವ ಒಡೆಯನ ಸನ್ನಿಧಿಗೆ: ನಿನ್ನ ಬಳಿಗೆ ಬಂದಿರುವ ರಹಮಾನನು ಒಡೆದ ಮನೆಗಳನ್ನು ಕೂಡಿಸುತ್ತಲೇ ಆಯುಷ್ಯ ಕಳೆದ. ಅವನ ತಪ್ಪುಗಳನ್ನು ಮನ್ನಿಸು. ಅವನ ಮಣ್ಣನ್ನು ತಂಪಾಗಿಡು. ದಣಿದು ಬಂದಿದ್ದಾನೆ, ಅವನಿಗೆ ಶಾಂತಿ ಕೊಡು, ತಂದೆ. ಇದನ್ನು ಯಾರ ಪರವಾಗಿಯೂ ಅಲ್ಲ, ನಾನೇ ಬೇಡುತ್ತಿದ್ದೇನೆ.